ಬಾಗಿಲಲ್ಲಿ ಬಿಟ್ಟ ಶೂ ಮತ್ತು ನನ್ನ ಬಲಗಾಲು

ನಡೆಯಲಾಗದವರಿಗೆ ಸಾಧನ ಕೊಡುವ, ಕೊಟ್ಟದ್ದನ್ನು ವಾಪಸು ಕೇಳುವ ಅಧಿಕಾರವುಳ್ಳ ಮಾನ್ಯರೇ,

ಬರುವ ಸೋಮವಾರ ನಾನು ನಿಮ್ಮ ಕಚೇರಿಗೆ ಖುದ್ದಾಗಿ ಹಾಜರಾಗಿ, ನನ್ನ ಬಲಗಾಲಿಗೆ ಕಟ್ಟಿಕೊಂಡಿರುವ ನಡಿಗೆಯ ಸಾಧನವನ್ನು ಬಿಚ್ಚಿ ಒಪ್ಪಿಸಬೇಕೆಂದು ನಿಮ್ಮ ನೋಟೀಸು ಹೇಳುತ್ತದೆ. ಕಾರಣವನ್ನೂ ಕೊಟ್ಟಿದ್ದೀರಿ: 'ಸಾಧನ ಧರಿಸಿದ್ದಾಗಲೂ ಫಲಾನುಭವಿಯ ನಡಿಗೆಯಲ್ಲಿ ಸುಧಾರಣೆ ಕಂಡುಬಂದಿರುವುದಿಲ್ಲ.' ಈ ವಾಕ್ಯ ತಪ್ಪು. ಬೇಕೆಂದು ಯಾರೂ ತಪ್ಪು ಬರೆದಿಲ್ಲ ಎಂಬುದು ನನಗೆ ಗೊತ್ತು. ಆದರೆ ಬೇಕೆಂದೇ ಬರೆದಿದ್ದರೂ ನನ್ನ ಕಾಲಿಗೆ ಆಗುತ್ತಿದ್ದ ಅನ್ಯಾಯ ಇಷ್ಟೇ. ಈ ಪತ್ರದ ಧಾಟಿ ನೋಡಿ ನಿಮಗೆ ಇವಳು ಸಿಟ್ಟಿನವಳು ಅನ್ನಿಸಬಹುದು. ಸಿಟ್ಟು ಇದೆ, ಇಲ್ಲ ಎನ್ನುವುದಿಲ್ಲ. ಆದರೆ ಅದರ ಅಡಿಯಲ್ಲಿರುವುದು ಹೆದರಿಕೆ. ಮಳೆಗಾಲ ಬಾಗಿಲಿಗೆ ಬಂದಿದೆ, ನನಗೆ ವಿಪರೀತ ಹೆದರಿಕೆಯಾಗಿದೆ.

ನಾನು ಗಾಳಿಬೀಡಿನಲ್ಲಿ ಹೊಲಿಗೆ ಮಾಡುವವಳು. ಮದುವೆ ಸೀಸನ್ನಿನಲ್ಲಿ ಈ ಸುತ್ತಿನ ಬ್ಲೌಸುಗಳು ಹೆಚ್ಚಿನವು ನನ್ನ ಕೈ ದಾಟಿಯೇ ಮಂಟಪಕ್ಕೆ ಹೋಗುತ್ತವೆ. ಗಂಡ ಬೊಳ್ಳಪ್ಪನಿಗೆ ಸ್ವಲ್ಪ ಕಾಫಿ, ಸ್ವಲ್ಪ ಕರಿಮೆಣಸು ಇದೆ. ಮಗಳು ಮೋಕ್ಷಿತಾ ಏಳನೇ ಕ್ಲಾಸು. ಮನೆಯ ಹಿಂದೆ ಗುಡ್ಡ, ಮುಂದೆ ತೋಟ. ತೋಟದ ನಡುವೆ ರಸ್ತೆಗೆ ಏರುವ ಒಂದು ಕಾಲುದಾರಿ. ಬೇಸಿಗೆಯಲ್ಲಿ ಜೀಪು ಅರ್ಧ ದಾರಿಯವರೆಗೆ ಇಳಿಯುತ್ತದೆ, ಮಳೆಗಾಲದಲ್ಲಿ ಅದೂ ಇಲ್ಲ. ಇಷ್ಟನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ನಿಮ್ಮ ಪರೀಕ್ಷೆಯಲ್ಲಿ ನಾನು ನಡೆದದ್ದು ಟೈಲ್ಸ್ ಹಾಕಿದ ಹಾಲಿನಲ್ಲಿ. ನಾನು ಬದುಕುವುದು ಈ ಕಾಲುದಾರಿಯಲ್ಲಿ.

ನನಗಿರುವ ಕಾಯಿಲೆಯ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ಮಂಗಳೂರಿನ ಡಾಕ್ಟರು ನನಗೆ ಅರ್ಥವಾಗುವ ಹಾಗೆ ಹೇಳಿದ್ದು ಹೀಗೆ: ಮೆದುಳಿನಿಂದ ಕಾಲಿಗೆ ಹೋಗುವ ವೈರುಗಳ ಮೇಲಿನ ಹೊದಿಕೆಯನ್ನು ಅಲ್ಲಲ್ಲಿ ಇಲಿ ಕಡಿದ ಹಾಗಾಗಿದೆ. ಕರೆಂಟು ಒಮ್ಮೆ ಸರಿಯಾಗಿ ಹೋಗುತ್ತದೆ, ಒಮ್ಮೆ ಅರ್ಧಕ್ಕೇ ನಿಲ್ಲುತ್ತದೆ. ಶುರುವಾದದ್ದು ಹೊಲಿಗೆ ಮಷಿನ್ನಿನ ಪೆಡಲಿನ ಮೇಲೆ. ಬಲಗಾಲು ಒತ್ತುತ್ತಿತ್ತು, ಎತ್ತು ಅಂದರೆ ಎತ್ತುತ್ತಿರಲಿಲ್ಲ. ಸುಸ್ತು ಅಂದುಕೊಂಡೆ. ಆಮೇಲೊಂದು ದಿನ ಬಚ್ಚಲಲ್ಲಿ. ನಮ್ಮ ಕಡೆ ಸ್ನಾನವೆಂದರೆ ಹಂಡೆಯ ನೀರು, ಮೈ ಕೆಂಪಾಗಬೇಕು. ಬಿಸಿ ನೀರು ಹೊಯ್ದುಕೊಳ್ಳುತ್ತಾ ಹೊಯ್ದುಕೊಳ್ಳುತ್ತಾ ಎರಡು ಕಾಲೂ ನನ್ನವಲ್ಲ ಅನ್ನಿಸಿಬಿಟ್ಟವು. ಗೋಡೆಗೆ ಒರಗಿ ಕುಸಿದೆ. ಕೂಗಲು ನಾಚಿಕೆ, ಏಳಲು ಕಾಲಿಲ್ಲ. ನೀರು ಆರಿ ಮೈ ತಣ್ಣಗಾದ ಮೇಲೆ ಕಾಲು ತಾನಾಗಿ ವಾಪಸು ಬಂತು. ಈ ಕಾಯಿಲೆಯವರಿಗೆ ಶಾಖ ಆಗುವುದಿಲ್ಲ ಎಂದು ಆಮೇಲೆ ತಿಳಿಯಿತು. ಅಂದಿನಿಂದ ನಾನು ಬಿಸಿ ನೀರಿಗೆ ಹೆದರುತ್ತೇನೆ. ಕೊಡಗಿನಲ್ಲಿ ಹುಟ್ಟಿ ಬಿಸಿ ನೀರಿಗೆ ಹೆದರುವವಳು ಬಹುಶಃ ನಾನೊಬ್ಬಳೇ.

ಬೆಳಿಗ್ಗೆ ಎದ್ದ ತಕ್ಷಣ ನಾನು ದೇವರನ್ನು ನೆನೆಯುವುದಿಲ್ಲ, ಕಂಬಳಿಯೊಳಗೆ ಕಾಲ್ಬೆರಳು ಆಡಿಸಿ ನೋಡುತ್ತೇನೆ. ಆಡಿದರೆ ಆ ದಿನ ಸಿಕ್ಕಿತು ಎಂದರ್ಥ. ನಿನ್ನೆ ಆಡಿದ್ದು ಇವತ್ತು ಆಡಲೇಬೇಕೆಂದಿಲ್ಲ. ಕಾಲು ಹೋದವರನ್ನು ನೋಡಿದರೆ ಜನಕ್ಕೆ ಅರ್ಥವಾಗುತ್ತದೆ. ಕಾಲು ಇದ್ದೂ ಅದರ ಬಲ ಆಗಾಗ ಹೋಗಿಬರುವವಳನ್ನು ಕಂಡರೆ ನಾಟಕ ಅನ್ನಿಸುತ್ತದೆ. ಒಬ್ಬರಂತೂ ನನ್ನ ಅಂಗಡಿಯಲ್ಲೇ ನಿಂತು, 'ಮೊನ್ನೆ ಸಂತೇಲಿ ಚೆನ್ನಾಗೇ ನಡೀತಿದ್ರಲ್ಲ' ಅಂದರು. ನಡೆಯುತ್ತಿದ್ದೆ, ಹೌದು. ಮೊನ್ನೆ.

ಇಂಥ ಕಾಲಿಗೆ ನಿಮ್ಮ ಇಲಾಖೆಯೇ ಕಳೆದ ವರ್ಷ ಆ ಸಾಧನ ಕೊಟ್ಟಿತು. ಅದಕ್ಕೆ ನಾನು ಕೃತಜ್ಞಳು, ಈಗಲೂ. ಮೊಣಕಾಲಿನ ಕೆಳಗೆ ಸುತ್ತುವ ಒಂದು ಬೆಲ್ಟು, ಅದರಲ್ಲೊಂದು ಸಣ್ಣ ಡಬ್ಬಿ. ಶೂ ಒಳಗೆ ಹಿಮ್ಮಡಿ ಕೂರುವ ಜಾಗದಲ್ಲಿ ಒಂದು ಬಿಲ್ಲೆ. ಹೆಜ್ಜೆ ಇಡಲು ಹಿಮ್ಮಡಿ ಮೇಲೆದ್ದ ಕೂಡಲೇ ಬಿಲ್ಲೆ ಬೆಲ್ಟಿಗೆ ಸುದ್ದಿ ಕಳಿಸುತ್ತದೆ. ಬೆಲ್ಟು ಕಾಲಿನ ನರಕ್ಕೆ ಚುರ್ ಎನ್ನುವಷ್ಟು ಕರೆಂಟು ಕೊಡುತ್ತದೆ. ಜೋತುಬಿದ್ದಿರುವ ನನ್ನ ಪಾದ ಮೇಲೇಳುತ್ತದೆ. ಹಿಮ್ಮಡಿ ನೆಲ ಮುಟ್ಟಿದಾಗ ಕರೆಂಟು ನಿಲ್ಲುತ್ತದೆ. ಇದನ್ನು ಕಟ್ಟಿಕೊಳ್ಳಲು ಕಲಿಸಿದವರು ಫಿಸಿಯೋಥೆರಪಿಯ ಚೈತನ್ಯ ಮೇಡಂ. ಮೊದಲ ದಿನವೇ ಅವರು ಬೆರಳು ಎತ್ತಿ ಹೇಳಿದ್ದರು, 'ಯಮುನಕ್ಕ, ಶೂ ಇಲ್ಲಾಂದ್ರೆ ಇದು ಬರೀ ಬೆಲ್ಟು. ನೆನಪಿಟ್ಕೊಳ್ಳಿ.' ನೆನಪಿಟ್ಟುಕೊಂಡೆ. ಅವತ್ತು ಅಂಗಳದಲ್ಲಿ ಮೊದಲ ಸಲ ಎಡವದೆ ತಿರುಗಿದಾಗ ಬೊಳ್ಳಪ್ಪ ಒಣ ಹಾಕಿದ್ದ ಮೆಣಸನ್ನು ಬಿಟ್ಟು ಎದ್ದು ನಿಂತು ನೋಡಿದರು. ಅವರು ಸಂತೋಷವಾದರೆ ಮಾತಾಡುವವರಲ್ಲ.

ಶೂ ಬೇಕೇ ಬೇಕು ಅಂದಮೇಲೆ ಮನೆಯೊಳಗೆ ಏನು ಮಾಡುವುದು? ಮನೆಯೊಳಗೆ ಚಪ್ಪಲಿ ಹಾಕಿಕೊಂಡು ಓಡಾಡುವ ಜನ ನಾವಲ್ಲ. ಕೊನೆಗೆ ಒಂದು ಜೊತೆ ಬಿಳಿ ಕ್ಯಾನ್ವಾಸ್ ಶೂ ತಂದು, ಅದು ಮನೆಗೆ ಮಾತ್ರ, ಅಂಗಳಕ್ಕಿಲ್ಲ ಎಂದು ಮಾಡಿಕೊಂಡೆವು. ಆದರೂ ದೀಪ ಹಚ್ಚುವ ಕೋಣೆಗೆ ಅದನ್ನು ಹಾಕಿಕೊಂಡು ಹೋಗಲು ನನಗೆ ಇವತ್ತಿಗೂ ಆಗುವುದಿಲ್ಲ. ಬಾಗಿಲಲ್ಲಿ ಬಿಟ್ಟು, ಗೋಡೆ ಹಿಡಿದು, ಕಾಲೆಳೆದುಕೊಂಡು ಹೋಗಿ ಕೈಮುಗಿದು ಬರುತ್ತೇನೆ. ಯಾರೂ ಬಲವಂತ ಮಾಡಿಲ್ಲ. ದೀಪ ಉರಿಯುವ ಕಡೆ ಮೆಟ್ಟು ಬಿಡುವುದು ನಮಗೆ ಯಾರೂ ಹೇಳಿಕೊಟ್ಟ ಪಾಠವಲ್ಲ, ಮೈಗೆ ಬಂದದ್ದು.

ಮಾನ್ಯರೇ, ಈಗ ನಿಮ್ಮ ಪರೀಕ್ಷೆಗೆ ಬರೋಣ. ಮೌಲ್ಯಮಾಪನ ಶಿಬಿರ ಮಡಿಕೇರಿಯ ಒಂದು ಸಮುದಾಯ ಭವನದಲ್ಲಿತ್ತು. ಉದ್ಘಾಟನೆ ಆಗಬೇಕಲ್ಲ, ದೀಪ ಹಚ್ಚಿದ್ದಿರಿ. ಹಾಲಿನ ತುದಿಯಲ್ಲಿ ದೊಡ್ಡ ಹಿತ್ತಾಳೆ ದೀಪ, ಪಕ್ಕದಲ್ಲಿ ಹೂ ಹಾಕಿದ ದೇವರ ಪಟ, ಊದುಬತ್ತಿ. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ನಿಮ್ಮ ಸಿಬ್ಬಂದಿಯ ಬೂಟುಗಳೂ ಅಲ್ಲೇ, ಸಾಕ್ಸು ತುರುಕಿ, ಸಾಲಾಗಿ. ನಾನು ಬಗ್ಗಿ ಶೂ ಬಿಚ್ಚಿದೆ. ಬಿಚ್ಚುವಾಗ ಕೈ ಒಂದು ಕ್ಷಣ ನಿಂತಿತು. ಬಾಗಿಲಲ್ಲಿದ್ದವರನ್ನು, 'ಸಾರ್, ಶೂ...' ಎಂದು ಕೇಳಿದೆ. ಅವರು ನಗುತ್ತಲೇ, 'ಹೊರಗೇ ಇರಲಿ ಅಮ್ಮ, ಯಾರೂ ತಗೊಂಡು ಹೋಗಲ್ಲ' ಅಂದರು. ಶೂ ಕಳುವಾಗುತ್ತದೆಂದು ನನಗೆ ಹೆದರಿಕೆ ಎಂದುಕೊಂಡಿರಬೇಕು, ಪಾಪ. ನಾನು ಶೂ ಬಿಟ್ಟು ಒಳಗೆ ಹೋದೆ. ಅಷ್ಟು ಜನರ ಮುಂದೆ, ಉರಿಯುವ ದೀಪದ ಮುಂದೆ, ಶೂ ಹಾಕಿಕೊಂಡು ಬರುತ್ತೇನೆ ಎಂದು ಹಟ ಮಾಡುವ ಹೆಂಗಸು ನಾನಾಗಲು ನನಗೆ ಆಗಲಿಲ್ಲ. ನಿಮ್ಮ ಹೆಂಡತಿಗೆ ಆಗುತ್ತಿತ್ತೇ? ನಿಮ್ಮ ತಾಯಿಗೆ?

ಒಳಗೆ ಪರೀಕ್ಷಕರು ಕೇಳಿದರು, 'ಸಾಧನ ಹಾಕಿದ್ದೀರಾ?' ಚೂಡಿದಾರದ ಕಾಲು ಸರಿಸಿ ಬೆಲ್ಟು ತೋರಿಸಿದೆ. 'ಹಾಕಿದ್ದೇನೆ ಸಾರ್.' 'ಸರಿ, ಆ ತುದಿವರೆಗೆ ನಡೀರಿ.' ನಡೆದೆ. ಪಾದ ಜೋತುಬಿತ್ತು, ಹೆಬ್ಬೆರಳು ಟೈಲ್ಸಿಗೆ ಉಜ್ಜಿತು, ನಡುವೆ ಕುರ್ಚಿ ಹಿಡಿದೆ. ಬಿಲ್ಲೆ ಬಾಗಿಲಲ್ಲಿ ಚಪ್ಪಲಿಗಳ ನಡುವೆ ಕೂತಿತ್ತು; ಬೆಲ್ಟು ನನ್ನ ಕಾಲಲ್ಲಿ ಅದರ ಸುದ್ದಿಗೆ ಕಾಯುತ್ತಿತ್ತು. ಪರೀಕ್ಷಕರು ಕಂಡದ್ದನ್ನೇ ಬರೆದರು. ಬೆಲ್ಟು ಇದೆ, ನಡಿಗೆ ಇಲ್ಲ. ಅವರ ಕಣ್ಣು ಸುಳ್ಳು ಹೇಳಲಿಲ್ಲ. ಆದರೆ ಸಾಧನ ಹೇಗೆ ಕೆಲಸ ಮಾಡುತ್ತದೆಂದು ತಿಳಿಯದವರನ್ನು ಸಾಧನ ಕೆಲಸ ಮಾಡುತ್ತದೋ ಇಲ್ಲವೋ ನೋಡಿಬನ್ನಿ ಎಂದು ಕಳಿಸಿದವರು ಯಾರು? ಚೈತನ್ಯ ಮೇಡಮ್ಮಿಗೆ ಅವತ್ತು ಬೇರೆ ಊರಿನಲ್ಲಿ ಡ್ಯೂಟಿ ಹಾಕಿದವರು ಯಾರು? ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿರಬೇಕು.

ನಾನು ಹೊರಗೆ ಬಂದಾಗ ಬೊಳ್ಳಪ್ಪ ಜೀಪು ನಿಲ್ಲಿಸಿ ಬಂದು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ನನ್ನ ಬಲಗಾಲಿನ ಶೂ. ಅದನ್ನೂ ನನ್ನನ್ನೂ ಒಂದಾದ ಮೇಲೊಂದು ನೋಡಿದರು. 'ಶೂ ಇಲ್ಲೇ ಉಂಟಲ್ಲ ಯಮುನ,' ಅಂದರು, 'ಮತ್ತೆ ನೀ ಒಳಗೆ ಹೆಂಗೆ ನಡ್ದೆ?' ಏನಾಗಿದೆ ಎಂದು ಪೂರ್ತಿ ಹೊಳೆದದ್ದು ಆ ಹೊತ್ತಿಗೇ. ತಕ್ಷಣ ಒಳಗೆ ಹೋದೆವು. ಊಟದ ಹೊತ್ತು. ಪರೀಕ್ಷಕರು ಎದ್ದು ಹೋಗಿ ಆಗಿತ್ತು. ಮರುದಿನ ನಿಮ್ಮ ಕಚೇರಿಯ ಕಿಟಕಿಗೆ ಬಂದು ಎಲ್ಲವನ್ನೂ ಬಿಡಿಸಿ ಹೇಳಿದೆ. ಕಿಟಕಿಯ ಆಚೆಯವರು ಕೇಳಿಸಿಕೊಂಡರು, ಅದನ್ನು ಹೇಳಲೇಬೇಕು, ಮುಖ ಸಿಂಡರಿಸದೆ ಕೇಳಿಸಿಕೊಂಡರು. ಆಮೇಲೆ, 'ಸಿಸ್ಟಮಲ್ಲಿ ಅಪ್‌ಡೇಟ್ ಆಗಿಹೋಗಿದೆ ಮೇಡಂ' ಅಂದರು. ಶೂ ಹಾಕಿಕೊಂಡು ಈಗಲೇ ನಡೆದು ತೋರಿಸುತ್ತೇನೆ, ಇದೇ ವರಾಂಡದಲ್ಲಿ, ಅಂದೆ. 'ನೀವು ನಡೆದ್ರೂ ನಾನು ನೋಡೋ ಹಾಗಿಲ್ಲ ಮೇಡಂ, ನನಗೆ ಅಧಿಕಾರ ಇಲ್ಲ.' ನೋಡುವುದಕ್ಕೂ ಅಧಿಕಾರ ಬೇಕೆಂದು ಅವತ್ತು ಕಲಿತೆ. ಅಂದರೆ ಇಡೀ ಜಿಲ್ಲೆಯಲ್ಲಿ ನಾನು ನಡೆಯುವುದನ್ನು ನೋಡಬಲ್ಲವರು ನೀವೊಬ್ಬರೇ. ಆದ್ದರಿಂದ ಈ ಪತ್ರ ನಿಮಗೆ.

ನನ್ನ ಕಸುಬಿನ ಒಂದು ಮಾತು ಹೇಳಲೇ? ನಮ್ಮ ಚಳಿಗೆ ಹೆಂಗಸರು ಸ್ವೆಟರ್ ಹಾಕಿಕೊಂಡೇ ಅಳತೆ ಕೊಡಲು ಬರುತ್ತಾರೆ. ನಾನೇನಾದರೂ ಸ್ವೆಟರಿನ ಮೇಲೇ ಟೇಪು ಹಿಡಿದು ಬ್ಲೌಸು ಹೊಲಿದುಬಿಟ್ಟರೆ ಅದು ಗೋಣಿಚೀಲದ ಹಾಗೆ ಕೂರುತ್ತದೆ. ಆಗ ನಾನು ಏನನ್ನಬೇಕು? 'ಅಮ್ಮಾ, ಅಳತೆ ಬುಕ್ಕಿನಲ್ಲಿ ಏರಿಬಿಟ್ಟಿದೆ, ಇನ್ನು ನಿಮ್ಮ ಮೈಯನ್ನೇ ಸರಿಮಾಡಿಕೊಳ್ಳಿ' ಅನ್ನಬೇಕೇ? ಅಂದರೆ ಮರುದಿನವೇ ನನ್ನ ಅಂಗಡಿಗೆ ಬೀಗ. ನಾನು ಹೊಲಿಗೆ ಬಿಚ್ಚುತ್ತೇನೆ, ಸ್ವೆಟರ್ ತೆಗೆಸಿ ಮತ್ತೆ ಅಳೆಯುತ್ತೇನೆ, ಮತ್ತೆ ಹೊಲಿಯುತ್ತೇನೆ. ಬೈಸಿಕೊಂಡೂ ಹೊಲಿಯುತ್ತೇನೆ. ಒಂದು ಬ್ಲೌಸಿಗೆ ಇರುವ ಈ ಭಾಗ್ಯ ಒಂದು ಕಾಲಿಗೆ ಇಲ್ಲವೇ?

ಸಾಧನವನ್ನು 'ಇನ್ನೊಬ್ಬ ಅರ್ಹ ಫಲಾನುಭವಿಗೆ' ಕೊಡುವಿರಂತೆ. ಕೊಡಿ, ಅವರೂ ನನ್ನಂತೆಯೇ ಬೆಳಿಗ್ಗೆ ಬೆರಳು ಆಡಿಸಿ ನೋಡುವವರೇ ಇರಬೇಕು. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಮುಂದಿನ ವರ್ಷ ಅವರನ್ನೂ ಪರೀಕ್ಷೆಗೆ ಕರೆಯುತ್ತೀರಿ. ಅದೇ ಹಾಲು, ಅದೇ ದೀಪ. ಅವರೂ ಮರ್ಯಾದಸ್ಥರು, ಬಾಗಿಲಲ್ಲಿ ಶೂ ಬಿಡುತ್ತಾರೆ. ಅವರಿಗೂ ಸುಧಾರಣೆ ಕಂಡುಬರುವುದಿಲ್ಲ. ಹೀಗೆ ಒಂದು ಒಳ್ಳೆಯ ಸಾಧನ ಕಾಲಿನಿಂದ ಕಾಲಿಗೆ ಸುತ್ತಿ, ಯಾರಿಗೂ ಉಪಯೋಗವಿಲ್ಲ ಎಂದು ತೀರ್ಮಾನವಾಗಿ, ನಿಮ್ಮ ಬೀರುವಿನಲ್ಲಿ ವಿಶ್ರಾಂತಿ ಪಡೆಯುತ್ತದೆ. ಬೀರುವಿಗೆ ನಡೆಯುವ ಕೆಲಸವಿಲ್ಲ.

ಇನ್ನು ನನ್ನ ಹೆದರಿಕೆಯ ಮಾತು. ಎರಡು ಸಾವಿರದ ಹದಿನೆಂಟರ ಆಗಸ್ಟನ್ನು ನಮ್ಮ ಕಡೆಯವರಿಗೆ ನೆನಪಿಸಬೇಕಾಗಿಲ್ಲ. ನೀವು ಆಗ ಈ ಜಿಲ್ಲೆಯಲ್ಲಿ ಇದ್ದಿರೋ ಇಲ್ಲವೋ. ಬೆಳಿಗ್ಗೆ ತಿಂಡಿಯ ಹೊತ್ತು. ಮನೆ ಪಕ್ಕದ ತೋಡಿನ ನೀರು ಇದ್ದಕ್ಕಿದ್ದಂತೆ ಕೆಂಪಾಯಿತು. ಆಮೇಲೆ ಮೇಲಿನಿಂದ ಲಾರಿ ಜಲ್ಲಿ ಸುರಿದಂಥ ಸದ್ದು. ಬೊಳ್ಳಪ್ಪ, 'ಓಡು' ಎಂದರು, ಅಷ್ಟೇ. ಪುಟ್ಟ ಮೋಕ್ಷಿತಾಳನ್ನು ಸೊಂಟಕ್ಕೆ ಎತ್ತಿಕೊಂಡು ಆ ಕಾಲುದಾರಿ ಹತ್ತಿ ಓಡಿದೆ. ಚಪ್ಪಲಿ ಎಲ್ಲಿ ಹೋಯಿತೋ, ಸೆರಗು ಕಾಫಿ ಗಿಡಕ್ಕೆ ಸಿಕ್ಕಿ ಹರಿಯಿತು. ರಸ್ತೆ ಮುಟ್ಟಿ ತಿರುಗಿ ನೋಡಿದರೆ ನಮ್ಮ ಕೊಟ್ಟಿಗೆ ಇದ್ದ ಕಡೆ ಬರೀ ಕೆಸರು. ಮನೆ ಉಳಿಯಿತು. ಉಳಿದ ಮನೆಯನ್ನು ಬಿಟ್ಟು ಎಲ್ಲಿಗೆ ಹೋಗುವುದು, ಅಲ್ಲೇ ಇದ್ದೇವೆ. ಆವತ್ತು ನನ್ನನ್ನೂ ಮಗುವನ್ನೂ ಉಳಿಸಿದ್ದು ಈ ಬಲಗಾಲು. ಆಗ ಅದಕ್ಕೆ ಬೆಲ್ಟೂ ಬೇಕಿರಲಿಲ್ಲ, ನಿಮ್ಮ ಪ್ರಮಾಣಪತ್ರವೂ ಬೇಕಿರಲಿಲ್ಲ.

ಈಗ ಪ್ರತಿ ಮಳೆಗಾಲ ನಮ್ಮ ಗೋಡೆಗೆ ಒಂದು ನೋಟೀಸು ಅಂಟಿಸುತ್ತಾರೆ: 'ಭೂಕುಸಿತದ ಸಂಭವವಿರುವುದರಿಂದ ಸೂಚನೆ ಬಂದ ಕೂಡಲೇ ಸುರಕ್ಷಿತ ಸ್ಥಳಕ್ಕೆ ತೆರಳತಕ್ಕದ್ದು.' ಈ ವರ್ಷದ್ದು ಹೋದ ವಾರ ಬಂತು. ಅದರ ಹಿಂದೆಯೇ ನಿಮ್ಮದು. ಎರಡರ ಮೇಲೂ ಅದೇ ಲಾಂಛನ. ಒಬ್ಬರು ಓಡು ಎನ್ನುತ್ತೀರಿ, ಒಬ್ಬರು ಕಾಲು ಬಿಚ್ಚಿಕೊಡು ಎನ್ನುತ್ತೀರಿ. ನಿಮ್ಮ ನಿಮ್ಮಲ್ಲಿ ಒಮ್ಮೆ ಕೂತು ಮಾತಾಡಿಕೊಂಡು, ನಾನು ಯಾವುದನ್ನು ಪಾಲಿಸಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಸಾಧನ ಇದ್ದರೂ ನಾನು ಅಂದಿನ ಹಾಗೆ ಓಡಲಾರೆ, ನನಗೆ ಗೊತ್ತು. ಆದರೆ ಬೀಳದೆ ಹತ್ತಬಲ್ಲೆ. ಯಾರ ಕೈಯನ್ನೂ ಕಟ್ಟಿಹಾಕದೆ ಹತ್ತಬಲ್ಲೆ. ಅದಿಲ್ಲದಿದ್ದರೆ ಬೊಳ್ಳಪ್ಪ ನನ್ನನ್ನು ಹೊರಬೇಕು, ಅವರ ಬೆನ್ನು ನಾನು ನೋಡಿದ್ದೇನೆ. ಮೊನ್ನೆ ಮೋಕ್ಷಿತಾ ನಿಮ್ಮ ನೋಟೀಸನ್ನು ಓದಿ ಮಡಚಿಟ್ಟಳು. ಆಮೇಲೆ ನಾನು ಗುಂಡಿಯ ಕಾಜಾ ಹೊಲಿಯುತ್ತಿದ್ದ ಕಡೆ ಬಂದು ಕೂತು, 'ಅವ್ವಾ, ಓಡ್ಬೇಕಾದ್ರೆ ನೀನು ನನ್ನ ಭುಜ ಹಿಡ್ಕೊ. ನಾನು ನಿಧಾನ ಓಡ್ತೇನೆ' ಅಂದಳು. ಮಾನ್ಯರೇ, ನನ್ನ ಹೆದರಿಕೆ ಇದೇ. ನಾನು ಮಣ್ಣಿನಡಿ ಹೋಗುವುದಲ್ಲ. ಗುಡ್ಡ ಜಾರುವಾಗ ಆ ಹುಡುಗಿ ನಿಧಾನ ಓಡುತ್ತಾಳೆ, ಅದು. ಹೇಳಿದರೆ ಕೇಳುವವಳಲ್ಲ, ನನ್ನ ಮಗಳು ತಾನೇ.

ಕೇಳುವುದನ್ನು ಕೇಳಿಬಿಡುತ್ತೇನೆ. ಮಳೆ ಹಿಡಿಯುವ ಮೊದಲು ನನಗೆ ಮತ್ತೊಮ್ಮೆ ಪರೀಕ್ಷೆ ಮಾಡಿ, ಶೂ ಹಾಕಿಸಿ ಮಾಡಿ. ಈ ಸಾಧನ ಬಲ್ಲ ಒಬ್ಬರು ಅಲ್ಲಿರಲಿ. ಅಲ್ಲಿಯವರೆಗೆ ಇದು ನನ್ನ ಕಾಲಲ್ಲೇ ಇರಲಿ. ದೀಪ ಹಚ್ಚಬೇಡಿ ಎನ್ನುವುದಿಲ್ಲ, ಹಚ್ಚಿ. ನನ್ನಂಥವರು ನಡೆಯುವ ಜಾಗದಲ್ಲಿ ಬೇಡ, ಆಚೆಗಿಡಿ. ದೀಪ ಕಂಡರೆ ನಾವು ಬಗ್ಗುತ್ತೇವೆ, ಬಗ್ಗಿದವರ ಕಾಲು ಹೊರಗೆ ಉಳಿಯುತ್ತದೆ.

ಇಷ್ಟಕ್ಕೂ ಉತ್ತರ ಬಾರದೆ ಸೋಮವಾರ ಬಂದರೆ, ಖುದ್ದಾಗಿ ಹಾಜರಾಗು ಎಂದಿದ್ದೀರಿ, ಹಾಜರಾಗುತ್ತೇನೆ. ಬಸ್ಸಿಳಿದು ಏರು ಹತ್ತಿ ನಾನೇ ಬರುತ್ತೇನೆ. ನಿಮ್ಮ ಬಾಗಿಲಲ್ಲಿ ಯಾವ ಬೋರ್ಡೇ ಇರಲಿ, ಒಳಗೆ ಯಾವ ದೇವರ ಪಟಕ್ಕೆ ದೀಪ ಉರಿಯುತ್ತಿರಲಿ, ಈ ಸಲ ಶೂ ಬಿಡುವುದಿಲ್ಲ. ಮೈ ತಾನಾಗಿ ಬಗ್ಗಲು ನೋಡುತ್ತದೆ, ತಡೆಯುತ್ತೇನೆ. ದೇವರು ಕ್ಷಮಿಸುತ್ತಾನೆ, ಅವನಲ್ಲಿ ಸಿಸ್ಟಂ ಇಲ್ಲ. ಬಾಗಿಲಿನಿಂದ ನಿಮ್ಮ ಮೇಜಿನವರೆಗೆ ನಡೆದು ಬರುತ್ತೇನೆ. ದಯವಿಟ್ಟು ಫೈಲಿನಿಂದ ತಲೆಯೆತ್ತಿ ನೋಡಿ. ಆಮೇಲೆ ನಿಮ್ಮೆದುರೇ ಕೂತು ಬೆಲ್ಟು ಬಿಚ್ಚುತ್ತೇನೆ, ಶೂ ಕಳಚುತ್ತೇನೆ, ಎರಡನ್ನೂ ನಿಮ್ಮ ಮೇಜಿನ ಮೇಲಿಡುತ್ತೇನೆ. ಅಲ್ಲಿಂದ ನಾನು ವಾಪಸು ಹೋಗುವುದು ಹೇಗೆಂದು ನಿಮ್ಮ ನೋಟೀಸಿನಲ್ಲಿ ಬರೆದಿಲ್ಲ. ಬೊಳ್ಳಪ್ಪನಿಗೆ ಹೊರಗೇ ನಿಲ್ಲಲು ಹೇಳಿದ್ದೇನೆ, ಮಗಳನ್ನು ಕರೆತರುವುದಿಲ್ಲ. ಯಾರೂ ಕೈ ಹಿಡಿಯಬಾರದು. ನಾನು ಬಾಗಿಲು ಮುಟ್ಟುವವರೆಗೆ ನೀವು ಬೇರೆ ಕಡೆ ನೋಡಬಾರದು. ಅಷ್ಟನ್ನು ನೋಡಿದ ಮೇಲೆ ಆ ಶೂವನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದೋ, ಎದ್ದು ನನ್ನ ಹಿಂದೆ ತಂದು ಕೊಡುವುದೋ, ನೀವೇ ತೀರ್ಮಾನಿಸಿ.

ಇಂತಿ,
ಮರ್ಯಾದೆಗೆಂದು ಬಾಗಿಲಲ್ಲಿ ಬಲಗಾಲನ್ನೇ ಬಿಟ್ಟು ಒಳಗೆ ಬಂದಿದ್ದವಳು,
ಯಮುನ ಬೊಳ್ಳಪ್ಪ
ಗಾಳಿಬೀಡು